ವಿಕಿರಣದ ಪ್ರಮಾಣ ಹೇಳುವ ರಕ್ತ

ವಿಕಿರಣ ತಗುಲಿದ ಮನುಷ್ಯನ ಬಿಳಿ ರಕ್ತಕಣಗಳಲ್ಲಿ ಕೆಲವು ಜೀನ್‌ಗಳು ಗಂಟೆಗಳೊಳಗೆ ಚುರುಕಾಗುತ್ತವೆ. ಆ ಚುರುಕುತನವನ್ನು ಅಳೆದರೆ ಮೈಗೆ ತಗುಲಿದ ವಿಕಿರಣ ಎಷ್ಟೆಂದು ಅಂದಾಜು ಮಾಡಬಹುದು. ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರು, ಆಸ್ಪತ್ರೆಗಳ ಎಕ್ಸ್‌ರೇ ಸಿಬ್ಬಂದಿ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಧರಿಸಿರುತ್ತಾರೆ. ಅವರ ಲೆಕ್ಕ ಅದರಲ್ಲೇ ಸಿಗುತ್ತದೆ. ಅವಘಡಕ್ಕೆ ಸಿಲುಕುವ ಜನಸಾಮಾನ್ಯರ ಬಳಿ ಅಂಥದ್ದೇನೂ ಇರುವುದಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಯಂತ್ರವನ್ನು ಬಿಚ್ಚಿದವರಿಗೆ ತಾವು ಮುಟ್ಟುತ್ತಿರುವುದು ಏನೆಂದೇ ತಿಳಿದಿರಲಿಲ್ಲ. ಒಬ್ಬರು ಪ್ರಾಣ ಕಳೆದುಕೊಂಡರು.

ಗಾಮಾ ಕಿರಣ ಜೀವಕೋಶವನ್ನು ಹೊಕ್ಕಾಗ ಡಿಎನ್‌ಎಯ ಎರಡೂ ಎಳೆಗಳು ತುಂಡಾಗುವುದುಂಟು. ಆ ತುಂಡನ್ನು ಗುರುತಿಸುವ ಎಟಿಎಂ ಎಂಬ ಕಿಣ್ವವು ಪಿ53 ಪ್ರೋಟೀನನ್ನು ಎಚ್ಚರಿಸುತ್ತದೆ. ಪಿ53 ಒಂದಿಷ್ಟು ಜೀನ್‌ಗಳಿಗೆ ಚಾಲನೆ ಕೊಡುತ್ತದೆ. ಸಿಡಿಕೆಎನ್1ಎ ಕೋಶ ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ, ಡಿಡಿಬಿ2 ಡಿಎನ್‌ಎ ದುರಸ್ತಿಗೆ ನೆರವಾಗುತ್ತದೆ. ಇವುಗಳಲ್ಲಿ ಹೆಚ್ಚು ನಂಬಿಕೆ ಗಳಿಸಿರುವುದು ಎಫ್‌ಡಿಎಕ್ಸ್‌ಆರ್ ಜೀನ್. ವಿಕಿರಣ ಹೆಚ್ಚಿದಂತೆ ಅದರ ಆರ್‌ಎನ್‌ಎ ಪ್ರತಿಗಳೂ ಹೆಚ್ಚುತ್ತವೆ. ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರ ರಕ್ತದಲ್ಲೂ ಈ ಏರಿಕೆ ಕಂಡುಬಂದಿದೆ.

ಪರೀಕ್ಷೆಗೆ ಎರಡೂವರೆ ಮಿಲಿಲೀಟರ್ ರಕ್ತ ಸಾಕು. ರಕ್ತ ಹಿಡಿಯುವ ಕೊಳವೆಯಲ್ಲೇ ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣವಿರುತ್ತದೆ. ಇದಿಲ್ಲದಿದ್ದರೆ ಲ್ಯಾಬ್ ತಲುಪುವಷ್ಟರಲ್ಲಿ ಜೀನ್‌ಗಳ ಸ್ಥಿತಿಯೇ ಬದಲಾಗಿಬಿಡುತ್ತದೆ. ಲ್ಯಾಬಿನಲ್ಲಿ ಆರ್‌ಎನ್‌ಎಯನ್ನು ಬೇರ್ಪಡಿಸಿ, ಡಿಎನ್‌ಎ ಆಗಿ ನಕಲು ಮಾಡಿ, ಪಿಸಿಆರ್ ಯಂತ್ರಕ್ಕೆ ಇಡುತ್ತಾರೆ. ಕೋವಿಡ್ ಕಾಲದಲ್ಲಿ ತಾಲ್ಲೂಕು ಕೇಂದ್ರಗಳವರೆಗೂ ಹೆಸರಾದ ವಿಧಾನವೇ ಇದು. ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿಯಾಗುತ್ತದೆ. ಒಂದು ಮಾದರಿ ಇನ್ನೊಂದಕ್ಕಿಂತ ಮೂರು ಸುತ್ತು ಮೊದಲೇ ಗೋಚರಿಸಿದರೆ ಅದರಲ್ಲಿ ಪ್ರತಿಗಳು ಸುಮಾರು ಎಂಟು ಪಟ್ಟು ಹೆಚ್ಚಿದ್ದವು ಎಂದರ್ಥ. ವಿಕಿರಣಕ್ಕೆ ಬದಲಾಗದ ಇನ್ನೊಂದು ಜೀನನ್ನು ಜೊತೆಗೇ ಅಳೆದು ಹೋಲಿಸುತ್ತಾರೆ. ಆರೋಗ್ಯವಂತರ ರಕ್ತಕ್ಕೆ ಲ್ಯಾಬಿನಲ್ಲಿ ನಿಗದಿತ ಪ್ರಮಾಣದ ವಿಕಿರಣ ಹಾಯಿಸಿ ಮೊದಲೇ ಸಿದ್ಧಪಡಿಸಿಟ್ಟ ರೇಖೆಯ ಮೇಲೆ ಈ ಅಳತೆಯನ್ನಿಟ್ಟರೆ, ಉತ್ತರ ಗ್ರೇ ಎಂಬ ಮಾನದಲ್ಲಿ ಬರುತ್ತದೆ. ಅಸ್ಥಿಮಜ್ಜೆ ಕಸಿಗೆ ಮುಂಚೆ ಇಡೀ ಮೈಗೆ ವಿಕಿರಣ ಪಡೆದ ರೋಗಿಗಳ ರಕ್ತದಲ್ಲೂ ಈ ವಿಧಾನವನ್ನು ಪರಿಶೀಲಿಸಲಾಗಿದೆ.

ಈಗಲೂ ಪ್ರಮಾಣಭೂತ ಎನಿಸಿಕೊಂಡಿರುವುದು ಎರಡು ಸೆಂಟ್ರೋಮಿಯರ್‌ಗಳುಳ್ಳ ವಿಕೃತ ವರ್ಣತಂತುಗಳನ್ನು ಎಣಿಸುವ ಹಳೆಯ ಪರೀಕ್ಷೆ. ಅದಕ್ಕೆ ರಕ್ತಕಣಗಳನ್ನು ಸುಮಾರು 48 ಗಂಟೆ ಬೆಳೆಸಬೇಕು, ಆಮೇಲೆ ಪಳಗಿದ ಕಣ್ಣು ಸೂಕ್ಷ್ಮದರ್ಶಕದ ಮುಂದೆ ಕೂರಬೇಕು. 1987ರಲ್ಲಿ ಬ್ರೆಜಿಲಿನ ಗೋಯಾನಿಯಾದಲ್ಲಿ ಸೀಸಿಯಂ-137 ಹರಡಿದಾಗ ತಪಾಸಣೆಗೆ ಬಂದವರು ಸುಮಾರು 1,12,000 ಮಂದಿ. ನಿಜಕ್ಕೂ ಸೋಂಕಿದ್ದು 249 ಜನರಿಗೆ. ಅಂಥ ಜನಸಾಗರದಲ್ಲಿ 2 ಗ್ರೇಗಿಂತ ಹೆಚ್ಚು ತಗುಲಿದವರನ್ನು ಬೇಗ ಹೆಕ್ಕಿ ತೆಗೆಯಬೇಕು, ಏಕೆಂದರೆ ಅಸ್ಥಿಮಜ್ಜೆಯನ್ನು ಚೇತರಿಸುವ ಔಷಧ ತಡವಾದಷ್ಟೂ ಫಲ ಕಡಿಮೆ. ಚಿಕಿತ್ಸೆಯಿಲ್ಲದೆ ಸುಮಾರು 4 ಗ್ರೇ ತಗುಲಿದವರಲ್ಲಿ ಅರ್ಧದಷ್ಟು ಜನ ಬದುಕುಳಿಯುವುದಿಲ್ಲ. ಜೀನ್ ಪರೀಕ್ಷೆಯ ನಿಜವಾದ ಬೆಲೆ ಇರುವುದು ಈ ವಿಂಗಡಣೆಯಲ್ಲೇ.

ಹಾಗೆಂದು ಎಲ್ಲ ಅವಘಡಕ್ಕೂ ಇದು ಸಲ್ಲದು. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರಿಂದ ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿತು. ಪತ್ತೆಯಾದದ್ದು ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ. ನೀರಿನೊಡನೆ ದೇಹ ಸೇರಿ ನೀರಿನೊಡನೆಯೇ ಹೊರಹೋಗುವ ಟ್ರಿಟಿಯಂಗೆ ಸರಿಯಾದ ಅಳತೆ ಅದೇ.

ಅತ್ಯಲ್ಪ ವಿಕಿರಣದ ಮುಂದೆಯೂ ಈ ವಿಧಾನ ಸೋಲುತ್ತದೆ. ಯಾವ ಊರಿನಲ್ಲಾದರೂ ಬಂಡೆ, ಮಣ್ಣು, ಗಾಳಿ, ಆಕಾಶದಿಂದ ವಿಕಿರಣ ಸದಾ ತಗುಲುತ್ತಲೇ ಇರುತ್ತದೆ. ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ವರ್ಷವಿಡೀ ಹನಿಹನಿಯಾಗಿ ಬರುವ ಇದನ್ನು ಜೀನ್‌ಗಳ ಸಹಜ ಏರಿಳಿತದಿಂದ ಬೇರ್ಪಡಿಸಲಾಗದು. ಸೋಂಕು, ಉರಿಯೂತ, ಧೂಮಪಾನಗಳೂ ಕೆಲವು ಜೀನ್‌ಗಳನ್ನು ಏರುಪೇರು ಮಾಡುತ್ತವೆ. ಜ್ವರವಿದ್ದವರ ಫಲಿತಾಂಶವನ್ನು ಎಚ್ಚರದಿಂದಲೇ ಓದಬೇಕು. ಸಮಯದ ಕಟ್ಟೂ ಬಿಗಿ: ಹಲವು ಜೀನ್‌ಗಳು ಒಂದು ದಿನದ ಹೊತ್ತಿಗೆ ಏರಿ, ಮುಂದಿನ ದಿನಗಳಲ್ಲಿ ಇಳಿಯತೊಡಗುತ್ತವೆ. ಆದ್ದರಿಂದ ವಿಕಿರಣ ತಗುಲಿದ ಹೊತ್ತು ತಿಳಿಯದಿದ್ದರೆ ಹಲವು ಜೀನ್‌ಗಳನ್ನು ಒಟ್ಟಿಗೆ ಅಳೆಯುತ್ತಾರೆ, ಹೆಚ್ಚು ತಗುಲಿದೆಯೆಂದು ಕಂಡವರಿಗೆ ವರ್ಣತಂತು ಎಣಿಕೆಯನ್ನೂ ಮಾಡಿ ಪ್ರಮಾಣವನ್ನು ಖಚಿತಪಡಿಸಿಕೊಳ್ಳುತ್ತಾರೆ.