ಕರುವಿನ ಮೊದಲ ಪಾಲು

ಮಕ್ಕಳೇ, ಆಕಳು ಈದಾಗ ಮನೆಯಲ್ಲಿ ಗಿಣ್ಣ ಮಾಡುತ್ತಾರೆ. ಅದು ನಿಮಗೆ ಬಲು ಇಷ್ಟ, ಅಲ್ಲವೇ? ಆದರೆ ಗಿಣ್ಣುಹಾಲಿನ ಮೊದಲ ಪಾಲು ಯಾರದು? ಕರುವಿನದು.

ಆಗತಾನೇ ಹುಟ್ಟಿದ ಕರುವಿಗೆ ರೋಗವನ್ನು ಎದುರಿಸುವ ಶಕ್ತಿ ಬಹಳ ಕಡಿಮೆ. ಆ ಶಕ್ತಿಯನ್ನು ತಾಯಿಯ ಗಿಣ್ಣುಹಾಲು ಕೊಡುತ್ತದೆ. ಒಂದು ದಿನ ಕಳೆದರೆ ಕರುವಿನ ಕರುಳು ಅದನ್ನು ಹೀರಿಕೊಳ್ಳಲಾರದು. ಆದ್ದರಿಂದ ಮಾಸು ಬೀಳಲಿ ಎಂದು ಕಾಯಬಾರದು. ಹುಟ್ಟಿದ 1-2 ಗಂಟೆಯೊಳಗೆ ಕುಡಿಸಬೇಕು.

ತಾಯಿ ಕೊಟ್ಟ ಈ ಶಕ್ತಿ ಕೆಲವು ತಿಂಗಳಲ್ಲಿ ಕುಂದುತ್ತದೆ. ಆಗ ಲಸಿಕೆ ಬೇಕು. 4ನೆಯ ತಿಂಗಳಿಗೆ ಕಾಲುಬಾಯಿ ರೋಗದ ಲಸಿಕೆ, 6ನೆಯ ತಿಂಗಳಿಗೆ ಗಂಟಲುಬೇನೆ, ಚಪ್ಪೆಬೇನೆಗಳ ಲಸಿಕೆ ಹಾಕಿಸಬೇಕು. ಎಲುಬು ಗಟ್ಟಿಯಾಗಲು ಖನಿಜ ಮಿಶ್ರಣವನ್ನು ದನದ ಡಾಕ್ಟರು ಹೇಳಿದಷ್ಟು ಮೇವಿನಲ್ಲಿ ಬೆರೆಸಬೇಕು.

ಇನ್ನು ಮುಂದೆ ಆಕಳು ಈದಾಗ, "ಕರು ಕುಡಿಯಿತೇ?" ಎಂದು ಮೊದಲು ಕೇಳಿರಿ. ಆಮೇಲೆ ಗಿಣ್ಣ ತಿನ್ನಿರಿ.