ಹತ್ತೂರಿನ ಗಿಟಾರು

ಭಾದ್ರಪದದ ಚೌತಿ ಕಳೆಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬೀದಿಗಳಲ್ಲಿ ರಸಮಂಜರಿಯ ಸಡಗರ. ಗಣಪತಿಯ ಚಪ್ಪರದ ಮಗ್ಗುಲಲ್ಲಿ ಹಲಗೆಯ ವೇದಿಕೆ, ಅದರ ಹಿಂದೆ ಗುಡುಗುಟ್ಟುವ ಜನರೇಟರು, ಮುಂದೆ ಜಮಖಾನದ ಮೇಲೆ ಮಕ್ಕಳು, ಕುರ್ಚಿಗಳಲ್ಲಿ ಹಿರಿಯರು. ಗಾಯಕನು ಹಾಡನ್ನು ಎತ್ತಿಕೊಳ್ಳುವ ಮುನ್ನ ನಾಲ್ಕು ಕ್ಷಣ ಗಿಟಾರು ನುಡಿಯುತ್ತದೆ. ಸಭಿಕರ ಕಣ್ಣು ಗಾಯಕನ ಮೇಲಿರುವುದೇ ಹೊರತು ಆ ವಾದ್ಯದ ಮೇಲೆ ಬೀಳುವುದು ಅಪರೂಪ. ಹತ್ತಿರ ಹೋಗಿ ನೋಡಿದವರಿಗೆ ಕೆಲವೊಮ್ಮೆ ಒಂದು ಸೋಜಿಗ ಕಾದಿರುತ್ತದೆ. ಒಡಲು ಒಂದು ಕಂಪನಿಯದು, ದಂಡಿ ಇನ್ನೊಂದರದು. ಬಿರಡೆಗಳಲ್ಲಿ ನಾಲ್ಕು ಬೆಳ್ಳಗೆ, ಎರಡು ಕಪ್ಪಗೆ. ತಿರುಗುಗುಂಡಿ ಯಾವುದೋ ಹಳೆಯ ರೇಡಿಯೊದಿಂದ ಬಂದದ್ದು. ಹತ್ತೂರಿನ ಸಂಬಂಧವೆಲ್ಲ ಒಂದೇ ಮನೆಯಲ್ಲಿ ಸೇರಿದಂತೆ ಆ ಗಿಟಾರು.

ಇಂತಹ ವಾದ್ಯವನ್ನು ಹಿಡಿದ ತರುಣನಿಗೆ ಹಬ್ಬದ ಸಂಪಾದನೆಯಲ್ಲಿ ಸ್ವಲ್ಪ ಹಣ ಉಳಿಯಿತೆನ್ನೋಣ. ಅದನ್ನು ಗಿಟಾರಿನ ಯಾವ ಭಾಗಕ್ಕೆ ಸುರಿಯಬೇಕು? ಹೊಳೆಯುವ ಹೊಸ ಪಿಕಪ್ಪಿಗೆ ಎಂದು ಹತ್ತರಲ್ಲಿ ಒಂಬತ್ತು ಮಂದಿ ಹೇಳಿಯಾರು. ಆದರೆ ವಾದ್ಯದ ಗುಣ ಕೆಡುವುದು ಸಾಮಾನ್ಯವಾಗಿ ಬೆಲೆಯುಳ್ಳ ಭಾಗಗಳಲ್ಲಿ ಅಲ್ಲ. ಭಾಗ ಭಾಗಗಳು ಕೂಡುವ ಸಂದುಗಳಲ್ಲಿ. ಅಲ್ಲಿನ ಕೆಲಸಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಕಡೆಗೆ ಜೀವದ ಪ್ರಶ್ನೆಯೂ ಅಂಥದೊಂದು ಸಂದಿನಲ್ಲಿಯೇ ಇದೆ. ಆ ವಿಚಾರ ಮುಂದೆ ಬರುತ್ತದೆ.

ಬಿಡಿಭಾಗಗಳ ಗಿಟಾರೆಂದು ಮೂಗು ಮುರಿಯುವವರು ಅದರ ವಂಶಾವಳಿಯನ್ನು ತಿಳಿದಿರಲಾರರು. ಅಮೆರಿಕದಲ್ಲಿ ಜಾರ್ಜ್ ಬೋಶಾಂಪ್ ಎಂಬಾತನು ಕಾಂತ ಮತ್ತು ತಂತಿಸುರುಳಿಯನ್ನು ಕೂಡಿಸಿ ರೂಪಿಸಿದ ವಿದ್ಯುತ್ ಗಿಟಾರು ೧೯೩೨ರಲ್ಲಿ ಪೇಟೆಗೆ ಬಂದಿತು. ಕೆಲವು ವರ್ಷಗಳ ಅನಂತರ, ೧೯೪೦ರ ಸುಮಾರಿಗೆ, ಲೆಸ್ ಪಾಲ್ ಎಂಬ ವಾದಕನು ನಾಲ್ಕಂಗುಲ ದಪ್ಪದ ಪೈನ್ ಮರದ ತೊಲೆಯೊಂದಕ್ಕೆ ದಂಡಿ, ತಂತಿ, ಪಿಕಪ್ಪುಗಳನ್ನು ಜೋಡಿಸಿದನು. ನೋಡಲು ಅದು ತೊಲೆಯಾಗಿಯೇ ಉಳಿಯಿತು. ಮಾಮೂಲು ಗಿಟಾರೊಂದನ್ನು ಸೀಳಿ ಎರಡು ಪಕ್ಕಕ್ಕೂ ರೆಕ್ಕೆಯಂತೆ ಅಂಟಿಸಿದ ಮೇಲೆಯೇ ಜನ ಅದನ್ನು ವಾದ್ಯವೆಂದು ಒಪ್ಪಿದರಂತೆ. ಕೇಳುಗರು ಕಣ್ಣಿನಿಂದಲೂ ಕೇಳುತ್ತಾರೆ!

ಇಂಗ್ಲೆಂಡಿನ ಬ್ರಯಾನ್ ಮೇ ಇನ್ನೂ ಶಾಲಾಬಾಲಕನಾಗಿದ್ದಾಗ, ೧೯೬೩ರಲ್ಲಿ, ತಂದೆಯೊಡನೆ ಮನೆಯಲ್ಲೇ ಗಿಟಾರು ಕಟ್ಟಲು ತೊಡಗಿದನು. ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ ದಂಡಿಯಾಯಿತು. ಮೋಟಾರು ಸೈಕಲ್ಲಿನ ಸ್ಪ್ರಿಂಗು, ಹೆಣಿಗೆಯ ಕಡ್ಡಿಯ ತುದಿ, ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು, ಎಲ್ಲವೂ ಅದರಲ್ಲಿ ಸೇರಿದವು. ಎರಡು ವರ್ಷ ಹಿಡಿದ ಆ ಕೆಲಸದ ಫಲವನ್ನು ಆತ ಮುಂದೆ ‘ಕ್ವೀನ್’ ತಂಡದಲ್ಲಿ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳ ಮೇಲೆ ನುಡಿಸಿದನು. ೧೯೭೦ರ ದಶಕದಲ್ಲಿ ಎಡ್ಡಿ ವ್ಯಾನ್ ಹೇಲನ್ ಎಂಬಾತನು ಐವತ್ತು ಡಾಲರಿಗೆ ಒಡಲನ್ನೂ ಎಂಬತ್ತು ಡಾಲರಿಗೆ ದಂಡಿಯನ್ನೂ ಕೊಂಡು, ಗಿಬ್ಸನ್ ಗಿಟಾರೊಂದರಿಂದ ಕಿತ್ತ ಪಿಕಪ್ಪನ್ನು ಕರಗಿಸಿದ ಮೇಣದಲ್ಲಿ ಅದ್ದಿ ಅದರೊಳಗೆ ಕೂರಿಸಿದನು. ಸುರುಳಿಯ ಎಳೆಗಳು ಅಲುಗಿ ಕಿರುಚದಿರಲೆಂದು ಆ ಮೇಣ. ‘ಫ್ರಾಂಕನ್‌ಸ್ಟೈನ್’ ಎಂಬ ಅಡ್ಡಹೆಸರಿನ ಆ ವಾದ್ಯ ೨೦೧೯ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶಿತವಾಯಿತು.

ಇಂತಹ ಸಾಹಸಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಕಡಲು ದಾಟಲೇಬೇಕೆಂದೇನೂ ಇಲ್ಲ. ಮಳವಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ದೂರವೇನಲ್ಲ. ೧೮೯೫ರಲ್ಲಿ ಅಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಸಭೆಗಳಲ್ಲಿ ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲವದು. ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ಹೋಗುತ್ತಿರಲಿಲ್ಲ. ಪಶ್ಚಿಮದಿಂದ ಬಂದ ನಾಲ್ಕು ತಂತಿಯ ವಾದ್ಯಕ್ಕೆ ಚೌಡಯ್ಯನವರು ೧೯೨೭ರ ಸುಮಾರಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. ಹೇಳಲು ಇದು ಒಂದು ವಾಕ್ಯ. ಮಾಡಲು ಎಷ್ಟು ಕೆಲಸ! ಮೂರು ತಂತಿ ಬಂದರೆ ಮೂರು ಬಿರಡೆ ಬೇಕು, ಕುದುರೆಯ ಮೇಲೆ ಮೂರು ಗೀರು ಹೆಚ್ಚಬೇಕು, ಬಿಗಿತದ ಭಾರವನ್ನು ತೆಳ್ಳನೆಯ ಮರ ತಾಳಬೇಕು, ಕಮಾನಿನ ಒತ್ತಡವೇ ಬದಲಾಗಬೇಕು, ಜೊತೆ ತಂತಿಗಳ ಶ್ರುತಿ ಕೂದಲೆಳೆಯಷ್ಟೂ ತಪ್ಪಕೂಡದು. ಒಂದನ್ನು ಬದಲಿಸಿದವನು ನಾಲ್ಕನ್ನು ಬದಲಿಸದೆ ವಿಧಿಯಿಲ್ಲ. ೧೯೫೭ರಲ್ಲಿ ಅವರಿಗೆ ಮದರಾಸಿನ ‘ಸಂಗೀತ ಕಲಾನಿಧಿ’ ಬಿರುದು ಸಂದಿತು. ಅವರ ಹೆಸರಿನ ಸ್ಮಾರಕ ಭವನವು ಬೆಂಗಳೂರಿನಲ್ಲಿ ಏಳು ತಂತಿಯ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ.

ಗಿಟಾರಿಗೆ ಮರಳೋಣ. ಬೇರೆ ಬೇರೆ ಕಡೆಯ ಭಾಗಗಳನ್ನು ಕೂಡಿಸುವವನು ಮೊದಲು ಹಿಡಿಯಬೇಕಾದದ್ದು ಬೆಸುಗೆಯ ಕಡ್ಡಿಯನ್ನಲ್ಲ, ಅಳತೆಯ ಪಟ್ಟಿಯನ್ನು. ತಂತಿಯ ನುಡಿಯುವ ಉದ್ದವು ಫೆಂಡರ್ ಮಾದರಿಯಲ್ಲಿ ಸುಮಾರು ೬೪೮ ಮಿಲಿಮೀಟರು, ಗಿಬ್ಸನ್ ಮಾದರಿಯಲ್ಲಿ ಸುಮಾರು ೬೨೮. ಒಂದರ ದಂಡಿಯನ್ನು ಇನ್ನೊಂದರ ಒಡಲಿಗೆ ತೊಡಿಸಿದರೆ ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ನುಡಿಸಿದಾಗ ಒಂದು ಸ್ವರವೂ ನೆಟ್ಟಗಿರುವುದಿಲ್ಲ. ದಂಡಿಯ ತಲೆಯ ಬುಡದಲ್ಲಿ ವೀಣೆಯ ಮೇರುವಿನಂತಿರುವ ಪಟ್ಟಿಗೆ ‘ನಟ್’ ಎಂದು ಹೆಸರು. ಅಲ್ಲಿಂದ ಹನ್ನೆರಡನೆಯ ಮೆಟ್ಟಿಲಿನವರೆಗೆ ಅಳೆದು, ಅಷ್ಟನ್ನೇ ಮತ್ತೆ ಮುಂದಕ್ಕೆ ಅಳೆದರೆ ಕುದುರೆ ನಿಲ್ಲಬೇಕಾದ ಜಾಗ ಸಿಕ್ಕುತ್ತದೆ. ಒಡಲಿನಲ್ಲಿ ಕುದುರೆಯ ತೂತುಗಳು ಬೇರೆಡೆ ಇದ್ದರೆ ಅವನ್ನು ಮುಚ್ಚಿ ಹೊಸದಾಗಿ ಕೊರೆಯಬೇಕು. ಇದನ್ನು ಅಂಗಡಿಯಲ್ಲಿ ಅಳೆದವನು ಉಳಿದ; ಮನೆಗೆ ತಂದ ಮೇಲೆ ಅಳೆದವನು ಬಡಗಿಯ ಬಾಗಿಲು ತಟ್ಟಿದ.

ವೀಣೆ ಕಲಿಯುವವರಿರುವ ಮನೆಗಳಿಗೆ ಮೇಳ ಕಟ್ಟುವ ಕಷ್ಟ ಗೊತ್ತು. ಮೇಣದ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕಿವಿಯ ಆಧಾರದಿಂದ ಕೂರಿಸಬೇಕು. ಕೆಲವು ವರ್ಷ ಕಳೆದರೆ ಬಿಚ್ಚಿ ಮತ್ತೆ ಕಟ್ಟಬೇಕು. ಗಿಟಾರಿನ ಮೆಟ್ಟಿಲುಗಳಾದರೋ ಮರದಲ್ಲಿ ಹೂತ ಲೋಹದ ತಂತಿಗಳು. ಅವುಗಳ ಜಾಗವನ್ನು ಗೊತ್ತುಮಾಡುವುದು ಕಿವಿಯಲ್ಲ, ಗಣಿತ. ಉಳಿದ ಉದ್ದವನ್ನು ೧೭.೮೧೭ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ಬರುತ್ತದೆ. ಹೀಗೆ ಹೂತದ್ದನ್ನು ಸರಿಸಲಾಗದ ಕಾರಣ ತಿದ್ದುಪಡಿಯೆಲ್ಲ ಕುದುರೆಯ ಕಡೆಯಿಂದಲೇ ಆಗಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬೆರಳಿನಿಂದ ಸೋಕಿಸಿ ಮೀಟಿದಾಗ ಬರುವ ಸ್ವರವನ್ನೂ, ಒತ್ತಿ ಮೀಟಿದಾಗ ಬರುವ ಸ್ವರವನ್ನೂ ಹೋಲಿಸಿ ನೋಡಬೇಕು. ಒತ್ತಿದ ಸ್ವರ ಏರಿದ್ದರೆ ಆ ತಂತಿಯ ಆನಿಕೆಯನ್ನು ಹಿಂದಕ್ಕೆ ಸರಿಸುವುದು, ಇಳಿದಿದ್ದರೆ ಮುಂದಕ್ಕೆ. ಆರು ತಂತಿಗೂ ಆರು ಸಲ. ಒಂದು ತಿರುಪುಳಿ, ಒಂದು ಸಂಜೆ, ಇಷ್ಟೇ ವೆಚ್ಚ.

ಇನ್ನು ನಟ್. ಅಗ್ಗದ ಗಿಟಾರು ಶ್ರುತಿ ನಿಲ್ಲದೆ ಇದ್ದಾಗ ಜನ ಬಿರಡೆಗಳನ್ನು ಶಪಿಸಿ ಹೊಸ ಬಿರಡೆ ತರಿಸುತ್ತಾರೆ. ಎಷ್ಟೋ ಸಲ ಅಪರಾಧಿ ಬಿರಡೆಯಲ್ಲ, ಈ ಪ್ಲಾಸ್ಟಿಕ್ ಪಟ್ಟಿ. ಅದರ ಗೀರು ಇಕ್ಕಟ್ಟಾಗಿದ್ದರೆ ತಂತಿ ಸಿಕ್ಕಿಕೊಂಡು, ಎಳೆದು ಬಿಟ್ಟಾಗ ಮೊದಲ ಜಾಗಕ್ಕೆ ಹಿಂದಿರುಗುವುದಿಲ್ಲ. ಗೀರಿನಲ್ಲಿ ಸೀಸದಕಡ್ಡಿಯ ಪುಡಿಯನ್ನು ಸವರಿ ನೋಡುವುದು ಮೊದಲ ಚಿಕಿತ್ಸೆ. ಅದರಿಂದ ಆಗದಿದ್ದರೆ ಮೂಳೆಯ ಪಟ್ಟಿಯೊಂದನ್ನು ಕೂರಿಸಿ, ಅಕ್ಕಸಾಲಿಗರ ಬಳಿ ಇರುವಂತಹ ಸಣ್ಣ ಅರದಿಂದ ಗೀರುಗಳನ್ನು ತೀಡಬೇಕು. ಒಂದೆರಡು ಉಜ್ಜು ಹೆಚ್ಚಾದರೆ ತಂತಿ ಮೊದಲ ಮೆಟ್ಟಿಲಿಗೆ ಬಡಿದು ಜಿರ್ರೆನ್ನುತ್ತದೆ, ಪಟ್ಟಿ ಕೆಟ್ಟಿತು. ಅವಸರದವರಿಗೆ ಹೇಳಿದ ಕೆಲಸವಲ್ಲ.

ದಂಡಿಯ ಮರಕ್ಕೂ ಒಂದು ಸ್ವಭಾವವುಂಟು. ಮಳೆಗಾಲದ ತೇವಕ್ಕೆ ಉಬ್ಬಿ, ಬೇಸಗೆಯ ಬಿಸಿಲಿಗೆ ಸೊರಗಿ ಅದು ಬಾಗುತ್ತದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ೧೯೨೩ರಲ್ಲಿ ಪೇಟೆಂಟು ಪಡೆದ ಉಕ್ಕಿನ ಸರಳು ಈಗಿನ ದಂಡಿಗಳೊಳಗೆ ಅಡಗಿರುತ್ತದೆ. ಅದನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ನೋಡುವುದು ಕ್ಷೇಮ. ಬೆರಳಾಡುವ ಪಟ್ಟಿಗೆ ಹಲವು ಕಂಪನಿಗಳು ಬಳಸುವುದು ನಮ್ಮ ಬೀಟೆಮರವನ್ನೇ. ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ ೧೯೯೨ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದಿತು. ೨೦೧೭ರ ಜನವರಿಯಿಂದ ಬೀಟೆಯ ಕುಲವೆಲ್ಲ ಪರವಾನಗಿಯ ಕಟ್ಟಿಗೆ ಒಳಪಟ್ಟು, ಸಿದ್ಧಪಡಿಸಿದ ವಾದ್ಯಗಳಿಗೆ ಮಾತ್ರ ೨೦೧೯ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ವಿದೇಶದ ದಂಡಿಯೆಂದು ಹೆಮ್ಮೆಯಿಂದ ಕೊಂಡು ತಂದದ್ದರ ಮೇಲ್ಪಟ್ಟಿ ನಮ್ಮ ಮಲೆನಾಡಿನಲ್ಲಿಯೇ ಬೆಳೆದು, ಎರಡು ಸಲ ಕಡಲು ದಾಟಿ ಬಂದಿರಲೂಬಹುದು.

ಇಷ್ಟೆಲ್ಲ ಸರಿಯಾದ ಮೇಲೆ ಪಿಕಪ್ಪಿನ ಮಾತು. ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದೇ ಪಿಕಪ್ಪು. ಉಕ್ಕಿನ ತಂತಿ ಅದರ ಮೇಲೆ ನಡುಗಿದಾಗ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಹಿಗ್ಗಿಸುತ್ತದೆ. ಆದರೆ ಒಂಟಿ ಸುರುಳಿಯು ತಂತಿಯ ನಾದದೊಡನೆ ಸುತ್ತಲಿನ ದೀಪ, ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಟ್ಟನ್ನೂ ಹಿಡಿದು ತರುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ೧೯೦೨ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಯಿತಷ್ಟೆ. ಗಿಟಾರಿಗೆ ವಿದ್ಯುತ್ತಿನ ನಂಟು ಬೆಳೆಯುವುದಕ್ಕೆ ಮೂವತ್ತು ವರ್ಷ ಮೊದಲೇ ಈ ಸೀಮೆ ವಿದ್ಯುತ್ತಿನ ತವರು! ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ಇಂದಿನ ವಿದ್ಯುತ್ತು ರಸಮಂಜರಿಯ ವೇದಿಕೆಯ ಮೇಲೆ ಗಿಟಾರಿನ ಮೂಲಕ ತಾನೂ ಒಂದು ಶ್ರುತಿ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ೧೯೫೫ರಲ್ಲಿ ಇದಕ್ಕೆ ಉಪಾಯ ಕಂಡನು. ಎರಡು ಸುರುಳಿಗಳನ್ನು ಎದುರುಬದಿರು ಸುತ್ತಿ, ಕಾಂತದ ಧ್ರುವಗಳನ್ನೂ ತಿರುಗುಮುರುಗು ಮಾಡಿದರೆ ಗುಂಯ್‌ಗುಟ್ಟು ಒಂದನ್ನೊಂದು ಕಳೆಯುತ್ತದೆ, ನಾದ ಮಾತ್ರ ಕೂಡುತ್ತದೆ. ಇಂತಹ ಜೋಡಿ ಸುರುಳಿಯನ್ನು ಹಾಕಿದವನು ಧ್ವನಿಗುಂಡಿಯನ್ನೂ ಗಮನಿಸಬೇಕು. ಒಂಟಿ ಸುರುಳಿಗೆ ೨೫೦ ಕಿಲೊ ಓಮಿನದು, ಜೋಡಿಗೆ ೫೦೦ರದು ವಾಡಿಕೆ. ಹಳೆಯದನ್ನೇ ಬಿಟ್ಟರೆ ದುಬಾರಿ ಪಿಕಪ್ಪಿನ ನಾದವೂ ಕಂಬಳಿ ಹೊದ್ದಂತೆ ಮಂಕು. ಬೆಂಗಳೂರಿನ ಸರ್ದಾರ್ ಪತ್ರಪ್ಪ ರಸ್ತೆಯಲ್ಲಿ ಇಂತಹ ಬಿಡಿಭಾಗಗಳಿಗೆ ಬರವಿಲ್ಲ. ರೇಡಿಯೊ ರಿಪೇರಿ ಬಲ್ಲವರು ಬೆಸೆದುಕೊಟ್ಟಾರು. ಒಳಗಿನ ಗುಳಿಗೆಲ್ಲ ತಾಮ್ರದ ತೆಳುಹಾಳೆಯನ್ನು ಅಂಟಿಸಿ ನೆಲತಂತಿಗೆ ಸೇರಿಸಿದರೆ ಒಂಟಿ ಸುರುಳಿಯ ಗದ್ದಲವೂ ಎಷ್ಟೋ ತಗ್ಗುತ್ತದೆ.

ನೆಲತಂತಿ ಎಂದಾಗ ಮೊದಲು ಹೇಳಿದ ಜೀವದ ಪ್ರಶ್ನೆಗೆ ಬಂದಂತಾಯಿತು. ವಿದ್ಯುತ್ ಗಿಟಾರಿನ ಕುದುರೆಗೆ ಒಳಗಿನಿಂದ ಒಂದು ತಂತಿ ಬೆಸೆದಿರುತ್ತದೆ. ಅದು ಕೇಬಲ್ಲಿನ ಹೊರಹೆಣಿಗೆಯ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೂ, ಅಲ್ಲಿಂದ ಮೂರು ಕಡ್ಡಿಯ ಪ್ಲಗ್ಗಿನ ಮೂಲಕ ನೆಲಕ್ಕೂ ಸೇರುತ್ತದೆ. ಹಾಗಾಗಿ ತಂತಿಯ ಮೇಲೆ ಬೆರಳಿಟ್ಟ ವಾದಕನು ನೆಲಕ್ಕೆ ಕಟ್ಟುಬಿದ್ದವನೇ. ಎಲ್ಲವೂ ಕ್ರಮವಾಗಿದ್ದರೆ ಇದರಿಂದ ಒಳ್ಳೆಯದೇ, ಗದ್ದಲ ತಗ್ಗುತ್ತದೆ. ಆದರೆ ಹಬ್ಬದ ವೇದಿಕೆಯಲ್ಲಿ ಮೂರನೆಯ ಕಡ್ಡಿ ಮುರಿದ ಪ್ಲಗ್ಗು, ಬರಿಯ ತಂತಿಯನ್ನೇ ರಂಧ್ರಕ್ಕೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿದ ಜೋಡಣೆ, ಮೈಕ್ ಸೆಟ್ಟಿಗೆ ಒಂದು ಕಡೆಯಿಂದ, ಆಂಪ್ಲಿಫೈಯರಿಗೆ ಇನ್ನೊಂದು ಕಡೆಯಿಂದ ಕರೆಂಟು, ಇವೆಲ್ಲ ಯಾರೂ ಕಾಣದ ನೋಟಗಳೇನಲ್ಲ. ಮೈಕಿನ ಮೈಗೆ ವಿದ್ಯುತ್ತು ಸೋರಿದ್ದು, ಕೈಯಲ್ಲಿ ಗಿಟಾರು ಹಿಡಿದವನು ಹಾಡಲೆಂದು ತುಟಿಯನ್ನು ಅದಕ್ಕೆ ತಗುಲಿಸಿದರೆ ಅವನ ದೇಹವೇ ಎರಡಕ್ಕೂ ನಡುವಿನ ಸೇತುವೆಯಾಗುತ್ತದೆ. ೧೯೭೨ರ ಮೇ ೩ರಂದು ವೇಲ್ಸ್ ಸೀಮೆಯ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರುವಾದಕ ಲೆಸ್ ಹಾರ್ವೆ, ನೆಲತಂತಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟನು. ಆತ ಎಷ್ಟು ನಿಪುಣನಾಗಿದ್ದರೂ ಒಂದು ತಂತಿಯ ಕೊರತೆಗೆ ಅದು ಮದ್ದಾಗಲಿಲ್ಲ.

ಕುದುರೆಯ ನೆಲತಂತಿಯನ್ನು ಕಿತ್ತುಹಾಕಿದರೆ ಅಪಾಯ ತಪ್ಪೀತೆಂದು ಕೆಲವರ ಎಣಿಕೆ. ಹಾಗೆ ಮಾಡಿದರೆ ಗದ್ದಲ ಏರುತ್ತದೆ; ಸೋರುವ ಮೈಕು ಸೋರುತ್ತಲೇ ಇರುತ್ತದೆ. ತಿದ್ದಬೇಕಾದದ್ದು ವೇದಿಕೆಯ ಜೋಡಣೆಯನ್ನು. ಮೈಕ್ ಸೆಟ್ಟಿಗೂ ಆಂಪ್ಲಿಫೈಯರಿಗೂ ಒಂದೇ ಹಲಗೆಯಿಂದ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಕರೆಂಟು ಕೊಡಬೇಕು. ಸೋರಿಕೆ ಕಂಡೊಡನೆ ಕರೆಂಟನ್ನು ತಾನೇ ಕಡಿಯುವ ಸ್ವಿಚ್ಚನ್ನು ಆ ಹಲಗೆಗೆ ಹಾಕಿಸಬೇಕು. ಜನರೇಟರಿನ ಬಳಿ ನೆಲಕ್ಕೆ ಹೊಡೆದ ಸರಳು ತೇವದ ಮಣ್ಣಿನಲ್ಲಿ ಆಳವಾಗಿ ಇಳಿದಿರಬೇಕು. ಈ ಕೆಲಸ ವಾದಕನದಲ್ಲ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನದು. ಆದರೆ ಆಯಿತೇ ಎಂದು ಕೇಳುವ ಹಕ್ಕು ವಾದಕನಿಗೂ ಗಣಪತಿ ಸಮಿತಿಯವರಿಗೂ ಉಂಟು. ಗಾಯಕರು ಬರುವ ಮುನ್ನ, ಎಲ್ಲವನ್ನೂ ಹಚ್ಚಿದ ಮೇಲೆ, ಮೈಕಿನ ಲೋಹದ ತಲೆಗೂ ಗಿಟಾರಿನ ತಂತಿಗೂ ನಡುವೆ ಮೀಟರಿನ ಎರಡು ಮೊನೆಗಳನ್ನು ಇಟ್ಟು ನೋಡುವಂತೆ ಎಲೆಕ್ಟ್ರಿಷಿಯನ್ನನಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಮುಳ್ಳು ಕದಲಿದರೆ ಅಂದಿನ ಕಾರ್ಯಕ್ರಮ ಅರ್ಧ ಗಂಟೆ ತಡವಾಗುತ್ತದೆ. ಜಮಖಾನದ ಮೇಲಿನ ಮಕ್ಕಳು ಅಷ್ಟು ಹೊತ್ತು ಕಡಲೆಕಾಯಿ ತಿನ್ನುತ್ತ ಕಾದಾರು.