ಕೊಂಬುಗಣ್ಣಿನ ಏಡಿ



ಶ್ರೀರಾಂಪುರದಂಥ ಒಳನಾಡಿನಲ್ಲಿರುವ ನಮಗೆ ಏಡಿಯೆಂದರೆ ಗದ್ದೆಯ ಬದುವನ್ನು ಕೊರೆಯುವ ಪ್ರಾಣಿ. ಅದರ ಸಾರಿನ ರುಚಿ ಬಲ್ಲವರೂ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಕಡಲ ದಂಡೆಯಲ್ಲಿ ಮುಸ್ಸಂಜೆಗೆ ಅಡ್ಡಡ್ಡಲಾಗಿ ಓಡಿ, ನೋಡನೋಡುತ್ತಿರುವಂತೆಯೇ ಬಿಲದಲ್ಲಿ ಅಡಗುವ ಮರಳುಬಣ್ಣದ ಏಡಿಯ ಕುಲವೇ ಬೇರೆ. ೧೭೯೫ರಲ್ಲಿ ವೇಬರನೆಂಬ ಪಂಡಿತನು ಈ ಕುಲಕ್ಕೆ ‘ಓಸಿಪೋಡೆ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಶೀಘ್ರಪಾದ.

ಇದು ಕಡಲ ಮಗುವಾದರೂ ನೀರಿನಲ್ಲಿಯೇ ಮುಳುಗಿಸಿಟ್ಟರೆ ಉಸಿರುಕಟ್ಟಿ ಸಾಯುತ್ತದೆ. ಆದರೂ ಕಿವಿರುಗಳು ಒಣಗಬಾರದು. ಕಾಲುಗಳ ಬುಡದಲ್ಲಿರುವ ರೋಮಗುಚ್ಛದಿಂದ ಹಸಿಮರಳಿನ ತೇವವನ್ನು ಹೀರಿಕೊಂಡು ಅದು ದಿನ ಕಳೆಯುತ್ತದೆ.

ಲೋಕದಲ್ಲಿ ಈ ಕುಲದ ಸುಮಾರು ಇಪ್ಪತ್ತು ಜಾತಿಗಳು ಜೀವಿಸಿವೆ. ೧೭೭೨ರಲ್ಲಿ ಪಲ್ಲಾಸನು ವರ್ಣಿಸಿದ ‘ಸೆರಟಾಫ್ತಾಲ್ಮ’ ಎಂಬುದಕ್ಕೆ ಕಣ್ಣಿನ ತುದಿಯಲ್ಲಿ ಕೊಂಬುಂಟು. ‘ಕಾರ್ಡಿಮಾನಸ್’ ಎಂಬುದಕ್ಕೆ ಇಲ್ಲ. ಗುರುತು ಸುಲಭವೆನ್ನಿಸಬಹುದು. ಮೋಸವಿರುವುದೂ ಇಲ್ಲಿಯೇ! ಕೊಂಬು ಬೆಳೆಯುವುದು ಪ್ರಾಯ ಬಂದಮೇಲೆ. ಮರಿಯನ್ನು ಕಂಡು ಬೇರೊಂದು ಜಾತಿಯೆಂದು ಬರೆದಿಟ್ಟವರು ಉಂಟು. ಹೆಚ್ಚು ನಂಬತಕ್ಕ ಗುರುತು ದೊಡ್ಡ ಕೊಂಡಿಯ ಒಳಮೈಯಲ್ಲಿದೆ. ಅಲ್ಲಿ ಅರದ ಹಲ್ಲಿನಂತೆ ಏಣುಗಳ ಸಾಲೊಂದಿದ್ದು, ಅದನ್ನು ತೋಳಿನ ಬುಡಕ್ಕೆ ಉಜ್ಜಿ ಏಡಿಯು ಕರಕರನೆ ಸದ್ದು ಮಾಡುತ್ತದೆ. ಆ ಸಾಲಿನ ರಚನೆ ಜಾತಿಯಿಂದ ಜಾತಿಗೆ ಬೇರೆ. ಕಾರ್ಡಿಮಾನಸಿಗೆ ಅದೂ ಇಲ್ಲ.

ಇನ್ನು ಗತಿಸಿದ ಜಾತಿಗಳ ಮಾತು. ಅಲೆ ಬಡಿಯುವ ಮರಳಿನಲ್ಲಿ ಸತ್ತ ಏಡಿಯ ಚಿಪ್ಪು ಚೂರಾಗುತ್ತದೆ, ಕೊಂಬುಗಣ್ಣು ಮೊದಲೇ ಹೋಗುತ್ತದೆ. ಕಲ್ಲಾಗಿ ಉಳಿಯುವ ಅವಕಾಶ ಹೆಚ್ಚಾಗಿರುವುದು ಗಟ್ಟಿಯಾದ ಕೊಂಡಿಗೆ. ಅಲ್ಲದೆ, ಬಿಲ ಮರಳು ತುಂಬಿ ಗಟ್ಟಿಯಾದರೆ ಒಡೆಯನಿಲ್ಲದ ಮನೆಯಾದರೂ ಉಳಿಯುತ್ತದೆ. ಇಂಥ ಶಿಲಾಬಿಲಗಳಿಗೆ ವಿಜ್ಞಾನಿಗಳು ‘ಸೈಲೋನಿಕ್ನಸ್’ ಎನ್ನುತ್ತಾರೆ. ೧೯೮೪ರಲ್ಲಿ ಫ್ರೇ, ಕರನ್, ಪೆಂಬರ್ಟನ್ ಎಂಬ ಮೂವರು ಕವಲೊಡೆದ ಒಂದು ಬಗೆಯ ಶಿಲಾಬಿಲವನ್ನು ಓಸಿಪೋಡೆಯ ಇಂದಿನ ಬಿಲಗಳೊಡನೆ ಹೋಲಿಸಿ ವರ್ಣಿಸಿದರು. ಆದರೆ ಬಿಲವು ಯಾವ ಜಾತಿಯದೆಂದು ಹೇಳಲಾರದು. ಅದು ಹೇಳುವುದು ಒಂದೇ ಸಂಗತಿ: ಇಲ್ಲಿ ಒಂದು ಕಾಲದಲ್ಲಿ ಕಡಲ ದಂಡೆಯಿತ್ತು. ಭೂವಿಜ್ಞಾನಿಗೆ ಆ ಒಂದು ಮಾತು ಹತ್ತು ಚಿಪ್ಪುಗಳಿಗಿಂತ ಬೆಲೆಯುಳ್ಳದ್ದು. ಪುರಾತನ ಸಮುದ್ರದ ಅಂಚು ಎಲ್ಲಿತ್ತೆಂದು ಅದರಿಂದ ಗೊತ್ತುಮಾಡಬಹುದು.

ಈ ಹೋಲಿಕೆಗೆಂದು ಈಗಿನ ಬಿಲದೊಳಕ್ಕೆ ಗಾರೆಯ ತಿಳಿಯನ್ನು ಹೊಯ್ದು, ಅದು ಗಟ್ಟಿಯಾದ ಮೇಲೆ ಸುತ್ತಲಿನ ಮರಳನ್ನು ಅಗೆದು ಅಚ್ಚನ್ನು ಎತ್ತುತ್ತಾರೆ. ಏಡಿಯು ಒಳಗೇ ಇದ್ದರೆ, ಪಾಪ, ಅದೂ ಅಚ್ಚಿನಲ್ಲಿ ಸೇರಿಕೊಂಡು ಬರುತ್ತದೆ.